ಅಂಜುಬುರುಕ ಬೆಕ್ಕಿಗೆ ಹೊರಗಿನ ಗಾಳಿ

ಚೆನ್ನೈ: ಟಿ. ನಗರದ ಫ್ಲ್ಯಾಟ್‌ಗಳಲ್ಲೇ ಬೆಳೆದ ಬೆಕ್ಕು ಬೆದರಿ ಓಡಲು ಉಸ್ಮಾನ್ ರಸ್ತೆಯ ಒಂದು ಹಾರ್ನ್ ಸಾಕು. ಆ ಜನಜಂಗುಳಿಯಲ್ಲಿ ಕಳೆದುಹೋದರೆ ಸಿಗುವುದು ಕಷ್ಟ. ಆದ್ದರಿಂದ ಹೊರಗೆ ಕರೆದೊಯ್ಯುವವರು ಆತುರಪಡಬಾರದು.

ಕುತ್ತಿಗೆಗೆ ಹಗ್ಗ ಬೇಡ. ಎದೆ ಸುತ್ತಿ ಬರುವ ಹಾರ್ನೆಸ್ ಇರಲಿ. ಅದರಡಿ ಎರಡು ಬೆರಳು ತೂರುವಷ್ಟೇ ಸಡಿಲ ಸಾಕು. ಕೆಲವು ದಿನ ಮನೆಯೊಳಗೇ, ಊಟದ ಹೊತ್ತಿಗೆ ತೊಡಿಸಿ ರೂಢಿಮಾಡಿಸಬೇಕು. ನಂತರ ಅಂಗಡಿಗಳು ತೆರೆಯುವ ಮುನ್ನ, ಮುಂಜಾನೆ ಬಾಗಿಲು ತೆರೆದಿಟ್ಟು ಬೆಕ್ಕೇ ಹೊಸಿಲು ದಾಟಲು ಬಿಡಬೇಕು. ಎಳೆದರೆ ಭಯ ಹೆಚ್ಚುತ್ತದೆ. ನೆಲಕ್ಕೆ ಅವುಚಿ ಕಿವಿ ಮಡಿಸಿದರೆ ಒಳಗೆ ಮರಳಲು ಬಿಡಿ. ಬಿಸಿಲಿಗೆ ಕಾದ ತಾರಸಿ, ದೀಪಾವಳಿ ಪಟಾಕಿಯ ದಿನಗಳು ಬೇಡವೇ ಬೇಡ. ಪನಗಲ್ ಪಾರ್ಕಿನ ಮಾತು ಆಮೇಲೆ.

ಹೊರಡುವ ಮೊದಲು ರೇಬಿಸ್ ಲಸಿಕೆ ಹಾಕಿಸಿರಬೇಕು. ವೇಪೇರಿಯಲ್ಲಿ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕೆಲವು ಬೆಕ್ಕುಗಳಿಗೆ ಹೊರಗೆ ಹೋಗುವುದೇ ಇಷ್ಟವಿಲ್ಲ. ಅವಕ್ಕೆ ಜಾಲರಿ ಹಾಕಿದ ಬಾಲ್ಕನಿಯೇ ಸಾಕು.