ಕಂಪ್ಯೂಟರಿಗೂ ಬಾಗಿಲುಗಳಿವೆ



ಉಳಿತಾಯದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕ್ತೇವೆ. ಅದೇ ಲೆಕ್ಕ ಒಕ್ಕೂಟದ ಕಂಪ್ಯೂಟರಿಗೆ ಹೋದ ಮೇಲೆ ಬೀಗ ಯಾರು ನೋಡ್ತಾರೆ?

ನೆಟ್‌ವರ್ಕಿಗೆ ಸೇರಿದ ಕಂಪ್ಯೂಟರಿಗೆ 'ಪೋರ್ಟ್' ಎಂಬ ಬಾಗಿಲುಗಳಿವೆ. ಒಂದೆರಡಲ್ಲ, 65,535! ಯಾವುದು ತೆರೆದಿದೆ ಎಂದು ತಟ್ಟಿ ನೋಡುವ ಸಾಧನ ಎನ್‌ಮ್ಯಾಪ್. ಅಮೆರಿಕದ ಗೋರ್ಡನ್ ಲಿಯಾನ್ 1997ರಲ್ಲಿ ಇದನ್ನು ಹೊರತಂದರು, ಉಚಿತವಾಗಿ ಸಿಗುತ್ತದೆ. ಕಳ್ಳನೂ ಇದನ್ನೇ ಬಳಸ್ತಾನೆ. ಹಾಗಾಗಿ ನಮ್ಮವರೇ ಮೊದಲು ನೋಡಿ, ಬೇಡದ ಬಾಗಿಲು ಮುಚ್ಚಬೇಕು. ಆದರೆ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರನ್ನು ತಟ್ಟುವಂತಿಲ್ಲ.

ಇನ್ನೊಂದು ವೈರ್‌ಶಾರ್ಕ್. ನೆಟ್‌ವರ್ಕಿನಲ್ಲಿ ಹೋಗಿಬರುವ ಮಾಹಿತಿಯನ್ನು ಇದು ಹಿಡಿದು ತೋರಿಸುತ್ತದೆ. ವೆಬ್‌ಸೈಟಿನ ವಿಳಾಸ ಬರೀ 'ಎಚ್‌ಟಿಟಿಪಿ' ಎಂದಿದ್ದರೆ ನಿಮ್ಮ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನ ಹಾಗೆ, ದಾರಿಯಲ್ಲಿ ಸಿಕ್ಕವರು ಓದಬಹುದು. 'ಎಚ್‌ಟಿಟಿಪಿಎಸ್' ಆದರೆ ಅಂಟಿಸಿದ ಲಕೋಟೆ. (ಮೋಸಗಾರನೂ ಲಕೋಟೆ ಅಂಟಿಸಬಲ್ಲ, ಅದೂ ನೆನಪಿರಲಿ.)

ಇವನ್ನೆಲ್ಲ ನೀವೇ ಕಲಿಯಬೇಕೆಂದಿಲ್ಲ. ಒಕ್ಕೂಟದ ಸಭೆಯಲ್ಲಿ ಎದ್ದು ನಿಂತು ಕೇಳಿ: "ಸಾರ್, ಬಾಗಿಲುಗಳನ್ನು ಯಾವಾಗ ಪರೀಕ್ಷೆ ಮಾಡಿದ್ರಿ? ನಮ್ಮ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?" ದುಡ್ಡು ನಿಮ್ಮದು, ಸಂಕೋಚ ಬೇಡ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ಮರುದಿನಕ್ಕೆ ಕಾಯದೆ ಕೂಡಲೇ 1930ಕ್ಕೆ ಫೋನ್ ಮಾಡಿ.