ಒಪ್ಪುವ ಮೊದಲೊಂದು ಓಲೆ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ನಮ್ಮ ಸೀಮೆಯಲ್ಲಿ, ಕೆಲಸ ಕೊಡುವವರನ್ನು ಪ್ರಶ್ನಿಸುವುದು ಅವಿನಯವೆಂಬ ಭಾವನೆ ಬೇರೂರಿದೆ. ಕಳೆದ ವಾರ ಹಗರಿಬೊಮ್ಮನಹಳ್ಳಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನೇಮಕದ ಪತ್ರವನ್ನು ಹಿಡಿದು ಕೊಟ್ಟೂರಿನ ನನ್ನ ಮನೆಗೆ ಬಂದನು. ಖಾಸಗಿ ಕಾಲೇಜೊಂದರ ಉಪನ್ಯಾಸಕನ ಹುದ್ದೆ. ಪತ್ರದಲ್ಲಿ ಸಂಬಳದ ಮೊತ್ತವಾಗಲಿ ಸೇವೆಯ ಅವಧಿಯಾಗಲಿ ಇರಲಿಲ್ಲ.

"ಕೇಳಿದರ ನೌಕರಿ ತಪ್ಪೀತೇನ್ರಿ, ಸರ?" ಎಂದನು.

ಆ ಭಯವನ್ನು ನಾನು ಬಲ್ಲೆ. ಮೊದಲ ನೌಕರಿಯಲ್ಲಿ ‘ಆಮೇಲೆ ನೋಡೋಣ’ ಎಂಬ ಬಾಯಿಮಾತನ್ನು ನಂಬಿ, ಬೇಸಿಗೆ ರಜೆಯ ಎರಡು ತಿಂಗಳ ಸಂಬಳವನ್ನು ಕಳೆದುಕೊಂಡವನು ನಾನು. ಕೇಳಹೋದಾಗ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅವನಿಗೆ ವಿಶ್ವೇಶ್ವರಯ್ಯನವರ ಸಂಗತಿಯನ್ನು ಹೇಳಿದೆನು. 1909ರಲ್ಲಿ ಮೈಸೂರು ಸಂಸ್ಥಾನವು ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆದಾಗ ಅವರು ಒಡನೆಯೇ ಒಪ್ಪಲಿಲ್ಲ. ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗೂ ಸರ್ಕಾರದ ಬೆಂಬಲವುಂಟೇ ಎಂದು ವಿಚಾರಿಸಿ, ಭರವಸೆ ದೊರೆತ ಮೇಲೆಯೇ ಬಂದರು. ಕೇಳಿದ್ದರಿಂದ ಗೌರವ ಕುಂದಲಿಲ್ಲ. 1912ರಲ್ಲಿ ದಿವಾನರೇ ಆದರು.

ಕೇಳುವುದಕ್ಕೂ ಒಂದು ಹೊತ್ತುಂಟು. 1872ರ ಭಾರತೀಯ ಕರಾರು ಕಾಯಿದೆಯ 7ನೆಯ ಪ್ರಕರಣದಂತೆ ಒಪ್ಪಿಗೆಯು ಷರತ್ತಿಲ್ಲದ್ದಾಗಿರಬೇಕು. ‘ಒಪ್ಪಿದ್ದೇನೆ, ಆದರೆ’ ಎಂದು ಬರೆದರೆ ಅದು ಒಪ್ಪಿಗೆಯೇ ಅಲ್ಲ. ಆದ್ದರಿಂದ ಮೊದಲು ಪ್ರಶ್ನೆ, ಅನಂತರ ಒಪ್ಪಿಗೆ.

ಇಬ್ಬರೂ ಕುಳಿತು ನಾಲ್ಕೇ ಸಾಲು ಬರೆದೆವು: ಕೃತಜ್ಞತೆ, ಸಂಬಳವೆಷ್ಟು, ರಜೆಯ ತಿಂಗಳುಗಳಿಗೆ ಉಂಟೇ, ದಯವಿಟ್ಟು ಬರಹದಲ್ಲಿ ತಿಳಿಸಿರಿ. ಅಂಚೆಗೆ ಹಾಕುವಾಗ ಅವನ ಕೈ ನಡುಗುತ್ತಿತ್ತು.

ಉತ್ತರವಿನ್ನೂ ಬಂದಿಲ್ಲ. ಆದರೆ ಪತ್ರದ ನಕಲೊಂದು ಅವನಲ್ಲಿದೆ. ಅಂದು ನನ್ನಲ್ಲಿ ಅದೂ ಇರಲಿಲ್ಲ.