ಒಂದು ಜಿಲ್ಲೆಯ ಬಾಣಂತನ, ಒಬ್ಬ ರೋಗಿಯ ಮದ್ದು

2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ. ಸಾವಿರ ಜನಕ್ಕೆ 17 ಹೆರಿಗೆ ಎಂದು ಹಿಡಿದರೆ ವರ್ಷಕ್ಕೆ 28,000 ಕೂಸುಗಳು. ಮೊಳಕಾಲ್ಮುರಿನ ಸಿದ್ದಾಪುರದಿಂದ ಹೊಸದುರ್ಗದ ಕೊನೆಯ ಹಟ್ಟಿಯವರೆಗೆ ಅಷ್ಟೂ ಬಾಣಂತಿಯರ ಮಾಸು ಕೂಡಿಹಾಕಿದ್ದರೂ, 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಒಂದು ಔಷಧ ಒಬ್ಬ ರೋಗಿಗೆ ಒಂದು ವರ್ಷಕ್ಕಾಗುತ್ತಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ತಲೆಗೆ ಸುಮಾರು 20,000 ಮಾಸು ಬೇಕಿತ್ತು.

ರೋಗದ ಹೆಸರು ಗೋಶೆ. ಒಂದೇ ಒಂದು ಕಿಣ್ವದ ಕೊರತೆಯಿಂದ ಕೊಬ್ಬು ಕರಗದೆ ಗುಲ್ಮ, ಯಕೃತ್ತು ಊದುತ್ತವೆ, ಮೂಳೆ ಸವೆಯುತ್ತದೆ. ಮಾಸಿನಿಂದ ತೆಗೆಯುತ್ತಿದ್ದ ಮದ್ದು ಆ ಕಿಣ್ವವೇ. ಅದರ ಒಂದು ಮಿಲಿಗ್ರಾಂನಲ್ಲಿರುವ ಅಣುಗಳೆಷ್ಟು? ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ ನೂರರಿಂದ ಗುಣಿಸಿದಷ್ಟು. ಪ್ರತಿ ಅಣುವಿನಲ್ಲೂ ಸುಮಾರು 500 ಅಮೈನೋ ಆಮ್ಲಗಳು, ಎಲ್ಲೂ ಸರದಿ ತಪ್ಪದಂತೆ.

ಮಾಸಿನ ಬದಲು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳು ಬಂದವು. 2009ರಲ್ಲಿ ಬಾಸ್ಟನ್ನಿನ ಕಾರ್ಖಾನೆಯೊಂದರ ಕೋಶಗಳಿಗೆ ವೈರಸ್ ತಗುಲಿ ಉತ್ಪಾದನೆ ನಿಂತಿತು. ಜಗತ್ತಿನ ನಾನಾ ಕಡೆ ರೋಗಿಗಳ ಮದ್ದಿಗೆ ಕತ್ತರಿ ಬಿತ್ತು. 2012ರಲ್ಲಿ ಇಸ್ರೇಲಿನ ಪ್ರೊಟಾಲಿಕ್ಸ್ ಕಂಪನಿ ಅದೇ ಕಿಣ್ವವನ್ನು ಗಜ್ಜರಿಯ ಕೋಶಗಳಿಂದ ತೆಗೆದು ಒಪ್ಪಿಗೆ ಪಡೆಯಿತು. ಗಜ್ಜರಿ ಕೋಶದಲ್ಲಿ ಪ್ರಾಣಿಗಳ ವೈರಸ್ ಬದುಕದು. ಅದಕ್ಕೆ ಪ್ರಾಣಿರಕ್ತದ ಸೀರಮ್ ಬೇಡ. ಸಕ್ಕರೆ, ಲವಣದ ನೀರು ಸಾಕು. ಹೊಲವೂ ಬೇಡ, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲೇ ಬೆಳೆ. 2023ರಲ್ಲಿ ಫ್ಯಾಬ್ರಿ ಎಂಬ ಇನ್ನೊಂದು ಕಾಯಿಲೆಗೆ ತಂಬಾಕಿನ ಕೋಶದ ಔಷಧವೂ ಬಂತು. ಪ್ರಯೋಗಾಲಯಗಳಲ್ಲಿ ಹೆಸರಾದ ಆ ತಂಬಾಕು ಕೋಶಗಳು ವಾರಕ್ಕೆ 80 ಪಟ್ಟು ಹೆಚ್ಚಬಲ್ಲವು. ಅದೇ ವೇಗದಲ್ಲಿ ಬೆಳೆಯುತ್ತ ಹೋದರೆ ಒಂದು ಗ್ರಾಂ ಮೂರನೇ ವಾರಕ್ಕೆ ಐದು ಕ್ವಿಂಟಾಲ್, ನಾಲ್ಕನೇ ವಾರಕ್ಕೆ 40 ಟನ್!

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಚಳ್ಳಕೆರೆ ಸೀಮೆಯ ಹೊಲ, ಎಣ್ಣೆ ಗಿರಣಿಗಳನ್ನೆಲ್ಲ ತುಂಬುವ ಶೇಂಗಾವನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆರಿಸಿಕೊಂಡಿತ್ತು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗದ ವೈರಸ್ಸಿನ ಒಂದು ಪ್ರೋಟೀನನ್ನು ಅಭಾ ಖಂಡೇಲ್‌ವಾಲ್, ಜಿ. ಲಕ್ಷ್ಮೀ ಸೀತಾ, ಎಂ.ಎಸ್. ಶೈಲಾ ಶೇಂಗಾ ಗಿಡದಲ್ಲಿ ಹುಟ್ಟಿಸಿದರು. ಅದರ ಎಲೆ ತಿಂದ ದನಗಳ ಮೈಯಲ್ಲಿ ಆ ರೋಗದ ವಿರುದ್ಧ ಪ್ರತಿಕಾಯಗಳು ಮೂಡಿದವೆಂದು 2003ರಲ್ಲಿ ಪ್ರಕಟಿಸಿದರು. ಸೂಜಿಯಿಲ್ಲ, ಮೇವೇ ಲಸಿಕೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸನಾಯಕರ ಸೀಮೆಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಯಾವುದಿದ್ದೀತು! ಸಿದ್ದಾಪುರದ ಬಂಡೆಯ ಮೇಲೆ ಶಾಸನ ಬರೆಸಿದ ಅಶೋಕ, ಮನುಷ್ಯರಿಗೂ ಪಶುಗಳಿಗೂ ಮದ್ದಿನ ಗಿಡ ನೆಡಿಸಿದ್ದನ್ನು ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಗಜ್ಜರಿಯ ಮದ್ದು ಮೈತೂಕದ ಲೆಕ್ಕದಲ್ಲಿ, ಕಿಲೋಗೆ 60 ಯೂನಿಟ್. 20 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಆರು ಸೀಸೆ, ಎರಡು ವಾರಕ್ಕೊಮ್ಮೆ, ವರ್ಷಕ್ಕೆ 156. ಮಗು ಬೆಳೆದಂತೆ ಸೀಸೆಯೂ ಬೆಳೆಯುತ್ತದೆ, ಅದೂ ಜೀವಮಾನವಿಡೀ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರದ ನೆರವು ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ಮಾತ್ರ. ಇಂಥ ಕೋಶಗಳ ಚೀಲಗಳು ಕರ್ನಾಟಕದಲ್ಲೇ, ಸಾಧ್ಯವಾದರೆ ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆಯ ಕುದಾಪುರದಲ್ಲಿ ಪಡೆದಿರುವ 1,500 ಎಕರೆಯ ಒಂದು ಮೂಲೆಯಲ್ಲಿ ಬೆಳೆಯಲಿ ಎಂದು ನಾನು ಬಯಸುವುದು ಆ 156 ಸೀಸೆಗಳಿಗಾಗಿ.